ಬೇಬಿಯಮ್ಮನ ಹೆಸರಿನ ಹೃದಯ

ನನ್ನ ಹೆಸರು ಮೌನ. ಇಟ್ಟವರು ನಮ್ಮಪ್ಪ. ಹುಟ್ಟಿದ ಮೂರು ತಿಂಗಳು ನಾನು ಅಳಲೇ ಇಲ್ಲವಂತೆ, ಅದಕ್ಕೆ. ಆಮೇಲೆ ಬಾಯಿ ತೆರೆದವಳು ಇವತ್ತಿನವರೆಗೂ ಮುಚ್ಚಿಲ್ಲ. ಗಿಂಡಿ ಬಡಾವಣೆಯ ನಮ್ಮ ಆಸ್ಪತ್ರೆಯಲ್ಲಿ ಡಾಕ್ಟರ್ ಶ್ರೀನಾಥ್ ನನ್ನನ್ನು ಎದುರಿಗೇ ‘ಬಾಯಿ ಬೊಂಬಾಯಿ’ ಎನ್ನುತ್ತಾರೆ. ಉಳಿದವರು ತಮಿಳಿನಲ್ಲಿ ಬೆನ್ನ ಹಿಂದೆ ಏನೆನ್ನುತ್ತಾರೋ ನಾನು ಕೇಳಲು ಹೋಗಿಲ್ಲ. ಇದನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಆದದ್ದಕ್ಕೆಲ್ಲ ಮೂಲ ನನ್ನ ಬಾಯಿಯೇ.

ನನ್ನ ಕೆಲಸ ಹೃದಯ ಅಳೆಯುವುದು. ಕವಾಟ ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುವವರಿಗೆ ಈಗ ಎದೆ ಸೀಳಲೇಬೇಕೆಂದಿಲ್ಲ. ತೊಡೆಯ ರಕ್ತನಾಳದಿಂದ ಒಂದು ಸಪೂರ ನಳಿಗೆ ತೂರಿಸಿ, ಹೃದಯದವರೆಗೂ ಹೋಗಿ, ಸೋರುವ ಕವಾಟದ ಎಸಳುಗಳನ್ನು ಒಂದು ಕ್ಲಿಪ್ಪಿನಿಂದ ಹಿಡಿದು ಬರುತ್ತಾರೆ. ಒಳಗೆ ಹೋದ ಕೈಗೆ ಕಣ್ಣಿಲ್ಲ. ಅದಕ್ಕಾಗಿ ಮೊದಲೇ ಸಿ.ಟಿ. ಸ್ಕ್ಯಾನ್ ಮಾಡಿ, ಆ ಹೃದಯವನ್ನು ಕಂಪ್ಯೂಟರಿನ ಪರದೆಯ ಮೇಲೆ ಮಿಡಿಯುವ ಹಾಗೆ ಕಟ್ಟಿ, ದಾರಿ ಎಷ್ಟು ಅಗಲ, ತಿರುವು ಎಲ್ಲಿ, ಕ್ಲಿಪ್ ಎಷ್ಟು ದೊಡ್ಡದು ಎಂದು ನಾನು ಬರೆದು ಕೊಡಬೇಕು. ನಾನು ಎರಡು ಮಿಲಿಮೀಟರ್ ತಪ್ಪಿದರೆ ಅಲ್ಲಿ ಡಾಕ್ಟರು ತಪ್ಪುತ್ತಾರೆ. ಹನ್ನೊಂದು ವರ್ಷದಲ್ಲಿ ಹಾಗಾಗಿರಲಿಲ್ಲ.

ಬೇಬಿಯಮ್ಮ ಬಂದದ್ದು ಸೋಮವಾರ ಬೆಳಿಗ್ಗೆ. ಅರವತ್ತೇಳು ವರ್ಷ, ಉಡುಪಿ ಕಡೆಯವರು. ಗಂಡ ಬಾಬು ಮೈಲಾಪೂರ್‌ನಲ್ಲಿ ನಲವತ್ತು ವರ್ಷ ಸಸ್ಯಾಹಾರಿ ಹೋಟೆಲ್ ನಡೆಸಿದವರು. ಈಗ ಅವರಿಗೆ ಮೂತ್ರಪಿಂಡ ಕೈಕೊಟ್ಟು ವಾರಕ್ಕೆ ಮೂರು ಸಲ ಡಯಾಲಿಸಿಸ್, ಆದ್ದರಿಂದ ಅವರು ಬಂದಿರಲಿಲ್ಲ. ಮಗಳು ನಿಶ್ಮಿತಾ ಬಂದಿದ್ದಳು. ಜೊತೆಗೆ ಇನ್ನೊಬ್ಬರು ಹೆಂಗಸು, ಬೇಬಿಯಮ್ಮನದ್ದೇ ಮುಖ, ಅದೇ ಎತ್ತರ. ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಅವರ ಹೆಸರು ನಾನು ಕೇಳಲಿಲ್ಲ.

ಬೇಬಿಯಮ್ಮನ ಕೊರಳಲ್ಲಿ ಎರಡೆಳೆ ಕರಿಮಣಿ ಸರ. ಎದೆಯ ಮೇಲೆ ಲೋಹವಿದ್ದರೆ ಸ್ಕ್ಯಾನಿನಲ್ಲಿ ಅಲ್ಲಿಂದ ಬಿಳಿ ಗೆರೆಗಳು ಎದ್ದು ಹೃದಯವನ್ನೇ ನುಂಗಿಬಿಡುತ್ತವೆ. ತೆಗೆಯಲು ಹೇಳಿದೆ.

“ಅದೊಂದು ಆಗ್ಲಿಕ್ಕಿಲ್ಲ,” ಎಂದರು ಅವರು. “ಒಂದು ಸಲ ಪೋಣಿಸ್ಲಿಕ್ಕೆ ಅಂತ ತೆಗ್ದು ಕೊಟ್ಟಿದ್ದೆ. ಅದೇ ದಿನ ಇವ್ರು ಹೋಟ್ಲಲ್ಲಿ ಬಿದ್ದದ್ದು. ಆ ಮೇಲೆ ಡಯಾಲಿಸಿಸ್ಸೇ. ಇನ್ನೊಮ್ಮೆ ತೆಗೀಲಿಕ್ಕೆ ನಂಗೆ ಧೈರ್ಯ ಇಲ್ಲ ಮಾರಾಯ್ತಿ.”

ಅರಿಶಿನದ ದಾರ ಕಟ್ಟಿಕೊಳ್ಳಿ, ಅರ್ಧ ಗಂಟೆ ಅಷ್ಟೇ ಎಂದೆ. ಕೇಳಲಿಲ್ಲ. ಹೊರಗೆ ಒಂಬತ್ತು ಜನ ಕಾಯುತ್ತಿದ್ದರು, ನನಗೆ ಪಿತ್ತ ನೆತ್ತಿಗೇರಿತು.

“ಏನ್ರೀ ಇದು? ಸರ ತೆಗೆದ್ರೆ ಗಂಡ ಹೋಗ್ತಾರೆ ಅಂತೀರಿ, ತೆಗೀದಿದ್ರೆ ನೀವೇ ಹೋಗ್ತೀರಲ್ಲ! ತೆಗೀರಿ, ಇಲ್ಲಾಂದ್ರೆ ಮನೆಗೆ ನಡೀರಿ. ಇದೇನು ಮದುವೆ ಮನೆ ಅಂದ್ಕೊಂಡ್ರಾ?”

ಇಷ್ಟು ಹೇಳಿ ಬಾಗಿಲು ದಬ್ಬಿಕೊಂಡು ಒಳಗೆ ಹೋದೆ. ಇಪ್ಪತ್ತು ನಿಮಿಷದ ಮೇಲೆ ನರ್ಸು, “ಅವರು ಒಪ್ಪಿದ್ದಾರೆ, ಮಲಗಿಸಿದ್ದೇನೆ,” ಎಂದಳು. ಗಾಜಿನಾಚೆ ನೋಡಿದೆ. ಹಸಿರು ಗೌನು, ಮುಖಕ್ಕೆ ಮಾಸ್ಕು, ಮಣಿಕಟ್ಟಿನಲ್ಲಿ ಬೇಬಿಯಮ್ಮನ ಹೆಸರಿನ ಪಟ್ಟಿ, ಬೋಳು ಕೊರಳು. ಬೈದದ್ದು ಫಲಿಸಿತು ಎಂದು ಒಳಗೊಳಗೇ ಬೀಗಿದೆ, ನಾಚಿಕೆಗೇಡಿ ನಾನು. ಇನ್ನೊಂದು ಖುಷಿಯೂ ಆಯಿತು. ಬೇಬಿಯಮ್ಮನ ಹೃದಯದ ಬಡಿತಕ್ಕೆ ತಾಳವೇ ಇಲ್ಲ ಎಂದು ಫೈಲಿನಲ್ಲಿತ್ತು, ಅಂಥ ಹೃದಯದ ಚಿತ್ರ ಕದಡಿ ಬರುತ್ತದೆ. ಅವತ್ತು ಬಡಿತ ಗಡಿಯಾರದಷ್ಟು ನೇರವಾಗಿತ್ತು. ಔಷಧಿ ಹಿಡಿದಿದೆ ಅಂದುಕೊಂಡೆ.

ಮಂಗಳವಾರ ಬೆಳಿಗ್ಗೆ ಕಾಫಿ ಇಟ್ಟುಕೊಂಡು ಆ ಹೃದಯವನ್ನು ಪರದೆಯ ಮೇಲೆ ತೆರೆದೆ. ಒಂದು ಬಡಿತವನ್ನು ಹತ್ತು ತುಂಡು ಮಾಡಿ ಜೋಡಿಸಿದರೆ ಅದು ಮತ್ತೆ ಮತ್ತೆ ಹಿಗ್ಗಿ ಕುಗ್ಗುತ್ತದೆ. ಎರಡು ಸಲ ಮಿಡಿಯಿತು. ಮೂರನೆಯದಕ್ಕೆ ನಾನು ಲೋಟ ಕೆಳಗಿಟ್ಟೆ.

ಹೃದಯದ ಹಿಂಬದಿಯ ಗೋಡೆಯಲ್ಲಿ ಒಂದು ಸಣ್ಣ ತೂತು. ಅದರಾಚೆ ಒಂದು ಚೀಲ, ನಿಂಬೆಹಣ್ಣಿನಷ್ಟು. ಹೃದಯ ಕುಗ್ಗಿದಾಗ ಅದು ಉಬ್ಬುತ್ತಿತ್ತು. ಹೃದಯ ಹಿಗ್ಗಿದಾಗ ಅದು ಸೊರಗುತ್ತಿತ್ತು. ಒಳಗೆ ಇನ್ನೊಂದು ಹೃದಯ ಕೂತು ಇದಕ್ಕೆ ಎದುರಾಗಿ ಮಿಡಿಯುತ್ತಿದೆ ಅನ್ನಿಸಿತು. ಗೊತ್ತಾಗದೆ ಆದ ಹೃದಯಾಘಾತದಲ್ಲಿ ಗೋಡೆ ಸತ್ತು ಹರಿದಿರುತ್ತದೆ. ಹೊರಗಿನ ತೆಳು ಪೊರೆಯೊಂದು ರಕ್ತವನ್ನು ಹಿಡಿದುಕೊಂಡಿರುತ್ತದೆ. ಆ ಪೊರೆ ಇವತ್ತು ಒಡೆಯಬಹುದು, ನಾಳೆ ಒಡೆಯಬಹುದು. ಒಡೆದರೆ ಎರಡು ನಿಮಿಷ.

ಶ್ರೀನಾಥ್ ಓಡಿ ಬಂದರು. ತುಂಬ ಹೊತ್ತು ನೋಡಿದರು.

“ಮೌನ, ಗುರುವಾರ ನಾನೇ ಎಕೋ ಮಾಡಿದೀನಿ. ಇದು ಇರ್ಲಿಲ್ಲ. ಲೆಫ್ಟ್ ಸೈಡ್ ಮೇಲಿನ ಕೋಣೆ ಇಷ್ಟು ದೊಡ್ಡದಾಗಿತ್ತು, ಕವಾಟ ಜೋರಾಗಿ ಲೀಕ್ ಆಗ್ತಿತ್ತು. ಇಲ್ಲಿ ಕೋಣೆ ನಾರ್ಮಲ್. ಕವಾಟನೂ ಚೆನ್ನಾಗಿ ಮುಚ್ತಿದೆ.”

“ನಾಲ್ಕೇ ದಿನದಲ್ಲಿ ಕವಾಟ ತಾನಾಗೇ ರಿಪೇರಿ ಆಯ್ತಾ ಸಾರ್?”

ನಾನು ಚಿತ್ರವನ್ನು ಹೊಟ್ಟೆಯ ಕಡೆಗೆ ಇಳಿಸಿದೆ. ತೊಡೆಯವರೆಗಿನ ದಾರಿಯನ್ನೂ ನೋಡಬೇಕಾದ್ದರಿಂದ ಸ್ಕ್ಯಾನು ಅಲ್ಲಿಯವರೆಗೆ ಇರುತ್ತದೆ. ಯಕೃತ್ತಿನ ಕೆಳಗೆ ಪಿತ್ತಕೋಶ ತುಂಬಿಕೊಂಡು ಹಾಯಾಗಿ ಕೂತಿತ್ತು. ಫೈಲು ತೆಗೆದೆ. ‘ಹದಿಮೂರು ವರ್ಷದ ಹಿಂದೆ ಕಲ್ಲಿನ ತೊಂದರೆಗೆ ಪಿತ್ತಕೋಶ ತೆಗೆಯಲಾಗಿದೆ.’ ತೆಗೆದು ಎಸೆದದ್ದು ವಾಪಸು ಬಂದು ಕೂತಿದೆ. ಹಾಡಹಗಲಿನಲ್ಲಿ, ಅಷ್ಟು ದೀಪಗಳ ಕೆಳಗೆ, ನನಗೆ ಹೆದರಿಕೆಯಾಯಿತು.

ಬೇಬಿಯಮ್ಮನಿಗೆ ಫೋನ್ ಮಾಡಿ ಕೂಡಲೇ ಕರೆಸಿದೆವು. ಶ್ರೀನಾಥ್ ಎದೆಗೆ ಎಕೋ ಮಾಡಿದರು, ಹೊಟ್ಟೆಯನ್ನೂ ಅದೇ ಯಂತ್ರದಲ್ಲಿ ನೋಡಿದರು. ಅದೇ ದೊಡ್ಡ ಕೋಣೆ, ಅದೇ ಸೋರುವ ಕವಾಟ, ಅದೇ ತಾಳ ತಪ್ಪಿದ ಬಡಿತ. ಚೀಲವಿಲ್ಲ, ಪಿತ್ತಕೋಶವೂ ಇಲ್ಲ. ಹಾಗಾದರೆ ನನ್ನ ಪರದೆಯ ಮೇಲೆ ಮಿಡಿಯುತ್ತಿರುವುದು ಯಾರದ್ದು? ಸೋಮವಾರದ ಎಲ್ಲ ಸ್ಕ್ಯಾನುಗಳನ್ನೂ ತಾಳೆ ನೋಡಿದೆ. ಹತ್ತು ಜನ, ಹತ್ತು ಸ್ಕ್ಯಾನು, ಒಂದೂ ಅದಲುಬದಲಾಗಿರಲಿಲ್ಲ. ಕಾರಿಡಾರಿನಲ್ಲಿ ಹೋಗುವ ಹೆಂಗಸರ ಮುಖ ನೋಡತೊಡಗಿದೆ. ಚಹಾ ಹಿಡಿದವಳು, ಮಗು ಎತ್ತಿಕೊಂಡವಳು, ಲಿಫ್ಟಿಗೆ ಕಾಯುವವಳು. ಇವರಲ್ಲಿ ಯಾರೋ ಒಬ್ಬಳು ಹರಿದ ಹೃದಯ ಹೊತ್ತು ಓಡಾಡುತ್ತಿದ್ದಾಳೆ, ಅವಳಿಗೆ ಗೊತ್ತಿಲ್ಲ, ನನಗೆ ಗೊತ್ತು. ಅಂಥ ತಿಳಿವಳಿಕೆ ಶತ್ರುವಿಗೂ ಬೇಡ.

“ಆ ದಿನ ಮಲಗಿದ್ದು ನೀವೇನಾ?” ಎಂದು ಬೇಬಿಯಮ್ಮನನ್ನು ಕೇಳಿದೆ.

“ನಾನೇ. ಮತ್ತೆ ಯಾರು?”

“ಸರ ತೆಗೆದಿದ್ರಾ?”

“ಹೂಂ,” ಎಂದರು. ಕಣ್ಣು ನೆಲದ ಮೇಲಿತ್ತು. ನಿಶ್ಮಿತಾ ಉಗುರು ಕಚ್ಚುತ್ತಿದ್ದಳು.

ಈ ಸಲ ನಾನು ಕೂಗಲಿಲ್ಲ. ಬೇಬಿಯಮ್ಮನ ಕೈ ಹಿಡಿದು ನನ್ನ ಕೋಣೆಗೆ ಕರೆದುಕೊಂಡು ಹೋಗಿ ಪರದೆಯ ಮುಂದೆ ಕೂರಿಸಿದೆ. “ನೋಡಿ ಅಮ್ಮ. ಇದು ಉಬ್ಬುತ್ತಲ್ಲ, ಇದು ಒಡೆದ್ರೆ ಈ ಜೀವ ಇರಲ್ಲ. ಒಂದು ಬಕೆಟ್ ನೀರು ಎತ್ತಿದ್ರೂ ಒಡೀಬಹುದು. ಇದು ಯಾರದ್ದು ಅಂತ ನೀವು ಹೇಳಿದ್ರೆ ಉಳಿಸ್ತೀವಿ. ಹೇಳದಿದ್ರೆ ನಾವು ಇಲ್ಲಿ ಕೂತು ನೋಡ್ತಾ ಇರೋದೇ.”

ಪರದೆಯ ಮೇಲೆ ಚೀಲ ಉಬ್ಬಿತು, ಸೊರಗಿತು, ಉಬ್ಬಿತು.

“ಉಣ್ಮೆಯ ಸೊಲ್ಲುಮ್ಮಾ,” ಎಂದಳು ನಿಶ್ಮಿತಾ. ನಿಜ ಹೇಳಮ್ಮಾ ಎಂದು. ಕೊನೆಗೆ ಅವಳೇ ಅಳುತ್ತ ಹೇಳಿದಳು: “ಚಿಕ್ಕಮ್ಮಂದು. ಗುಲಾಬಿ ಚಿಕ್ಕಮ್ಮ.”

ಗೋಡೆಗೆ ಒತ್ತಿಕೊಂಡು ನಿಂತಿದ್ದವರು. ಬೇಬಿಯಮ್ಮನಿಗಿಂತ ಒಂದೇ ವರ್ಷ ಚಿಕ್ಕವರು. ಗಂಡ ಸತ್ತು ಇಪ್ಪತ್ತೆರಡು ವರ್ಷ, ಮಕ್ಕಳಿಲ್ಲ, ಅಂದಿನಿಂದ ಅಕ್ಕನ ಮನೆ, ಅಕ್ಕನ ಹೋಟೆಲಿನ ಅಡುಗೆಮನೆ. ನಾನು ಬೈದು ಒಳಗೆ ಹೋದ ಮೇಲೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಅವರೇ ಹೇಳಿದರಂತೆ, “ನಿನ್ನ ಕೊರಳಿಂದ ತೆಗೀಲಿಕ್ಕೆ ಭಯ ಅಲ್ವಾ ಅಕ್ಕ? ನನ್ನ ಕೊರಳಲ್ಲಿ ತೆಗೀಲಿಕ್ಕೆ ಎಂತ ಉಂಟು? ಒಂದೇ ಹೊಟ್ಟೇಲಿ ಹುಟ್ಟಿದವ್ರು, ಒಳಗೆ ಎಲ್ಲ ಒಂದೇ ಇರ್ತದೆ. ಫೋಟೋ ತಾನೆ, ನಾನು ಮಲಗ್ತೇನೆ.” ಸೋಪು ಹಚ್ಚಿ ಹೆಸರಿನ ಪಟ್ಟಿ ಜಾರಿಸಿ ತನ್ನ ಕೈಗೆ ಹಾಕಿಕೊಂಡಿದ್ದರು. ನಲವತ್ತು ವರ್ಷ ಹೋಟೆಲ್ ನಡೆಸಿದ ಮನೆಯಲ್ಲಿ ಒಬ್ಬರು ರಜೆ ಹಾಕಿದರೆ ಇನ್ನೊಬ್ಬರು ನಿಲ್ಲುವುದು ಹೊಸತಲ್ಲವಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ? ನಾನು ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳುವುದೊಂದು ಬಾಕಿ.

ಹೋಟೆಲಿಗೆ ಫೋನ್ ಮಾಡಿ, ಅವರನ್ನು ಕೂರಿಸಿ, ಏನೂ ಎತ್ತಲು ಬಿಡಬೇಡಿ ಎಂದೆವು. ಆಂಬುಲೆನ್ಸಿನಲ್ಲಿ ನಾನೂ ಹತ್ತಿದೆ. ಮೈಲಾಪೂರ್‌ನ ಆ ಬೀದಿಗೆ ಆಂಬುಲೆನ್ಸ್ ನುಗ್ಗಲು ಆಗದೆ ಮೂಲೆಯಲ್ಲಿ ಇಳಿದು ಓಡಿದೆ. ಮಧ್ಯಾಹ್ನ ಮೂರೂವರೆ, ಸಂಜೆಯ ಗೋಳಿಬಜೆಗೆ ಎಣ್ಣೆ ಕಾಯುತ್ತಿತ್ತು. ಗುಲಾಬಿಯಮ್ಮ ಒಂದು ಸ್ಟೂಲಿನ ಮೇಲೆ ಕೈ ಮಡಿಲಲ್ಲಿಟ್ಟು ಕೂತಿದ್ದರು. ಹತ್ತಿರ ಹೋಗಿ ನಿಂತೆ. ಆ ಸೀರೆಯ ಹಿಂದೆ, ಆ ಎಲುಬುಗಳ ಹಿಂದೆ ಏನು ಉಬ್ಬಿ ಸೊರಗುತ್ತಿದೆ ಎಂದು ನನಗೆ ಕಾಣುತ್ತಿತ್ತು. ಕಣ್ಣು ಕೀಳಲು ಆಗಲಿಲ್ಲ.

ಎಲ್ಲ ಹೇಳಿದೆ. ಈಚೆಗೆ ಎದೆಯುರಿ ಬಂದಿತ್ತಾ ಎಂದರೆ ದೀಪಾವಳಿ ಕಳೆದು ಎರಡು ದಿನ ಬಂದಿತ್ತಂತೆ, ಗ್ಯಾಸು ಎಂದು ಜೀರಿಗೆ ಕಷಾಯ ಕುಡಿದು ಮರುದಿನ ಇಪ್ಪತ್ತು ತೆಂಗಿನಕಾಯಿ ತುರಿದರಂತೆ. ನಾನು ಹೆದರಿದ್ದೆ, ಅವರ ಮುಖ ಮಾತ್ರ ಅರಳುತ್ತ ಹೋಯಿತು.

“ಬಂತಲ್ಲ!” ಎಂದರು.

“ಏನು ಬಂತು?”

“ಅಕ್ಕಂದು. ಅವಳ ಹೆಸರು ಕೈಗೆ ಕಟ್ಟಿಕೊಂಡು ಮಲಗಿದ್ದೆ ನೋಡಿ. ಆ ಮೆಷಿನು ಸುತ್ತ ತಿರುಗ್ತಾ ಇತ್ತು, ನಿವಾಳಿಸಿದ ಹಾಗೆ. ಅಕ್ಕನ ಕಾಯಿಲೆ ನಂಗೆ ಬರ್ಲಿ ದೇವ್ರೇ ಅಂತ ಕೇಳ್ಕೊಂಡೆ. ಕೇಳಿದ ಕೂಡ್ಲೇ ಕೊರಳಿಂದ ಕಾಲಿನವರೆಗೆ ಮೈಯೆಲ್ಲ ಬಿಸಿ ಆಯ್ತು. ಆಗ್ಲೇ ಗೊತ್ತಾಯ್ತು ನಂಗೆ.”

ಬಿಸಿಯಾದದ್ದು ಸ್ಕ್ಯಾನಿನಲ್ಲಿ ರಕ್ತ ಎದ್ದು ಕಾಣಲೆಂದು ನಾವು ಚುಚ್ಚಿದ ಬಣ್ಣದ ಔಷಧಿಯಿಂದ. ಎಲ್ಲರಿಗೂ ಆಗುತ್ತದೆ. “ಹಂಗೆಲ್ಲ ಬರಲ್ಲ ಕಣ್ರೀ,” ಎಂದೆ. “ಅಕ್ಕನ ಕವಾಟ ಹಂಗೇ ಇದೆ, ಈಗ ತಾನೇ ನೋಡಿದ್ವಿ. ಇದು ನಿಮ್ಮದೇ. ನಿಮ್ಮದೇ ಹೃದಯ, ನಿಮ್ಮದೇ ಕಾಯಿಲೆ. ಏಳಿ.”

ಅವರ ಮುಖ ಬಾಡಿತು. ಅಷ್ಟು ಬೇಗ ಒಂದು ಮುಖ ಬಾಡುವುದನ್ನು ನಾನು ನೋಡಿರಲಿಲ್ಲ. “ನನ್ನದಾ?” ಎಂದು ಬಾಣಲೆ ನೋಡಿದರು. “ನನ್ನದಾದ್ರೆ ಇರ್ಲಿ ಬಿಡಿ. ಅದಕ್ಕೆಲ್ಲ ಯಾಕೆ ಆಸ್ಪತ್ರೆ? ಸಂಜೆ ಜನ ಬರ್ತಾರೆ, ಹಿಟ್ಟು ಕಲಸ್ಬೇಕು.” ಎದ್ದು ಹಿಟ್ಟಿನ ದೊಡ್ಡ ಪಾತ್ರೆಯ ಕಿವಿಗೆ ಕೈ ಹಾಕಿದರು.

ನನ್ನ ಬಾಯಿಂದ ಆ ಮಾತು ಹೇಗೆ ಬಂತೋ. “ಬಿಡ್ರೀ ಅದನ್ನ! ಸುಳ್ಳು ಹೇಳ್ದೆ ನಾನು. ಅದು ಅಕ್ಕಂದೇ. ಅರ್ಧ ನಿಮ್ಮೊಳಗೆ ಬಂದಿದೆ, ಅರ್ಧ ಅಲ್ಲೇ ಉಳಿದಿದೆ. ನಿಮ್ಮೊಳಗಿನದನ್ನು ನಾವು ಮುಚ್ಚಿದ್ರೆ ಅವರೊಳಗಿನದೂ ಒಣಗುತ್ತೆ. ಅದು ಒಡೆದು ನಿಮ್ಮಿಂದ ಹೊರಗೆ ಬಿದ್ರೆ ಪೂರ್ತಿ ವಾಪಸ್ ಅವರ ಹತ್ರ ಹೋಗುತ್ತೆ.”

ಪಾತ್ರೆ ಬಿಟ್ಟರು. ಸೆರಗಿಗೆ ಕೈ ಒರೆಸಿಕೊಂಡರು. “ಮೊದ್ಲೇ ಹೇಳ್ಬಾರ್ದಿತ್ತಾ? ನಡೀರಿ, ನಡೀರಿ,” ಎಂದು ನನಗಿಂತ ಮುಂದೆ ಹೊರಟರು. ಓಡಬೇಡಿ ಎಂದು ನಾನೇ ಕೈ ಹಿಡಿದು ನಿಲ್ಲಿಸಬೇಕಾಯಿತು.

ಮತ್ತೆ ಸ್ಕ್ಯಾನ್ ಬೇಕಾಗಲಿಲ್ಲ. ಬೇರೆ ಹೆಸರಿನಲ್ಲಿ ಇದ್ದರೂ ಅವರ ಹೃದಯ ಪೂರ್ತಿ ನನ್ನ ಹತ್ತಿರವಿತ್ತು. ಆ ರಾತ್ರಿಯೆಲ್ಲ ತೂತನ್ನು ಅಳೆದೆ. ಏಳು ಮಿಲಿಮೀಟರ್, ಸ್ವಲ್ಪ ಮೊಟ್ಟೆಯಾಕಾರ. ನಳಿಗೆ ಯಾವ ಕೋನದಲ್ಲಿ ತಿರುಗಬೇಕು ಎಂದು ಬರೆದು ಕೊಟ್ಟೆ. ಬುಧವಾರ ಬೆಳಿಗ್ಗೆ ಶ್ರೀನಾಥ್ ತೊಡೆಯಿಂದ ಹೋಗಿ, ಎರಡು ಬದಿ ಬಿಲ್ಲೆಯಿರುವ ಒಂದು ಜಾಲರಿ ಬಿರಡೆಯಿಂದ ಆ ತೂತು ಮುಚ್ಚಿದರು. ಚೀಲಕ್ಕೆ ರಕ್ತ ಹೋಗುವುದು ನಿಂತಿತು. ನಾನು ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಶುಕ್ರವಾರ ಬೇಬಿಯಮ್ಮನ ಸರದಿ. ಕ್ಲಿಪ್ಪಿಗೆ ಅವರದೇ ಸ್ಕ್ಯಾನ್ ಇನ್ನೂ ಆಗಬೇಕಿತ್ತು, ಅದಕ್ಕೆ ಮೊದಲು ಮತ್ತೊಮ್ಮೆ ಎಕೋ. ಶ್ರೀನಾಥ್ ಯಂತ್ರವನ್ನು ಒತ್ತಿ ಒತ್ತಿ ನೋಡಿದರು. ಬಡಿತ ತಾಳಕ್ಕೆ ಬಂದಿತ್ತು. ಸೋರಿಕೆ ಅರ್ಧಕ್ಕೂ ಕಡಿಮೆ. “ಮಾತ್ರೆ ಕೆಲಸ ಮಾಡಿದೆ. ರಿದಮ್ ಸರಿಯಾದ್ರೆ ಕೆಲವರಿಗೆ ಲೀಕ್ ಕಮ್ಮಿ ಆಗುತ್ತೆ,” ಎಂದರು. ಪುಸ್ತಕದಲ್ಲಿ ಹಾಗೇ ಇದೆ. ಕ್ಲಿಪ್ ಸದ್ಯಕ್ಕೆ ಬೇಡ ಎಂದಾಯಿತು. ನಾನು ವಾರ್ಡಿಗೆ ಹೋಗಿ ಅಕ್ಕತಂಗಿ ಇಬ್ಬರ ಎದುರಿಗೂ ತಪ್ಪೊಪ್ಪಿಕೊಂಡೆ. ಅವತ್ತು ಅಡುಗೆಮನೆಯಲ್ಲಿ ಹೇಳಿದ್ದು ಹಸಿ ಸುಳ್ಳು, ಎದ್ದು ಬರಲಿ ಎಂದು ಹೇಳಿದ್ದು, ಕಾಯಿಲೆ ಹಾಗೆಲ್ಲ ಒಬ್ಬರಿಂದ ಒಬ್ಬರಿಗೆ ದಾಟುವುದಿಲ್ಲ ಎಂದೆ.

ಗುಲಾಬಿಯಮ್ಮ ನಕ್ಕರು. “ಸುಳ್ಳು ಹೇಳುದು ಈಗ ನೀವು. ಅವತ್ತು ಅಲ್ಲ.”

ಬೇಬಿಯಮ್ಮ ನಗಲಿಲ್ಲ. ತಂಗಿಯ ಹಾಸಿಗೆಯಿಂದ ಸ್ವಲ್ಪ ದೂರ ಸರಿದು ಕೂತರು.

ಆರು ವಾರ ಕಳೆಯಿತು. ಬಿರಡೆ ಸರಿಯಾಗಿ ಕೂತಿದೆಯಾ ಎಂದು ನೋಡಲು ಗುಲಾಬಿಯಮ್ಮ ಬಂದರು. ಈ ಸಲ ಅವರದೇ ಹೆಸರಿನ ಫೈಲು, ಕೈಪಟ್ಟಿಯನ್ನು ನಾನೇ ಕಟ್ಟಿ ಎರಡು ಸಲ ಎಳೆದು ನೋಡಿದೆ. ಅಕ್ಕ ಹೇಗಿದ್ದಾರೆ ಎಂದೆ. “ಮಾಳಿಗೆ ಮೆಟ್ಟಿಲು ಹತ್ತಿ ಇಳೀತಾಳೆ. ಹೋದ ವಾರ ಪರೀಕ್ಷೆ ಮಾಡಿಸಿದ್ರು, ಏನೇನೂ ಲೀಕ್ ಇಲ್ವಂತೆ,” ಎಂದರು. ಎಕೋ ಕೋಣೆಯಲ್ಲಿ ಶ್ರೀನಾಥ್ ಪಕ್ಕ ನಾನು ನಿಂತಿದ್ದೆ. ಬಿರಡೆ ಭದ್ರವಾಗಿತ್ತು. ಚೀಲ ಗಟ್ಟಿಯಾಗಿ ಮುದುಡಿತ್ತು. ನನಗೆ ಉಸಿರು ಬಂತು. ಆಮೇಲೆ ಶ್ರೀನಾಥ್ ಯಂತ್ರವನ್ನು ಕವಾಟದ ಕಡೆಗೆ ತಿರುಗಿಸಿ, ರಕ್ತ ಹರಿಯುವ ದಿಕ್ಕು ತೋರಿಸುವ ಬಣ್ಣ ಹಾಕಿದರು.

ನೀಲಿ. ಮೇಲಿನ ಕೋಣೆಯ ತುದಿಯವರೆಗೂ ಹಿಂದಕ್ಕೆ ಚಿಮ್ಮುವ ನೀಲಿ. ಆ ಸೋಮವಾರದ ಸ್ಕ್ಯಾನಿನಲ್ಲಿ ಈ ಕವಾಟ ಚೆನ್ನಾಗಿ ಮುಚ್ಚುತ್ತಿತ್ತು, ಈ ಕಣ್ಣಿಂದ ನೋಡಿದ್ದೇನೆ. ಸತ್ತ ಗೋಡೆ ಕವಾಟವನ್ನು ಕೆಳಗೆಳೆದರೆ ದಿನ ಕಳೆದ ಮೇಲೆ ಹೀಗೂ ಆಗಬಹುದು ಎಂದು ಶ್ರೀನಾಥ್ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು. ಪುಸ್ತಕದಲ್ಲಿ ಅದೂ ಇದೆ. ಇದಕ್ಕೂ ಕ್ಲಿಪ್ ಹಾಕಬಹುದು, ಹಾಕದಿದ್ದರೆ ವರ್ಷ ಎರಡು ವರ್ಷ ಅಷ್ಟೇ, ಅಳತೆ ತೆಗೆ ಎಂದರು.

ಗುಲಾಬಿಯಮ್ಮ ಪರದೆ ನೋಡುತ್ತಿರಲಿಲ್ಲ. ನನ್ನ ಮುಖ ನೋಡುತ್ತಿದ್ದರು.

“ಉಳಿದ ಅರ್ಧವೂ ಬಂತು ಅಲ್ವಾ?” ಎಂದರು.

ನಾನು ಬಾಯಿ ತೆರೆದೆ. ನಿಜ ಹೇಳಿದರೆ ‘ನನ್ನದಾದ್ರೆ ಇರ್ಲಿ’ ಎನ್ನುತ್ತಾರೆ. ಸುಳ್ಳು ಹೇಳೋಣವೆಂದರೆ, ಒಣಗಿಸಲು ಅಕ್ಕನ ಒಳಗೆ ಏನೂ ಉಳಿದಿಲ್ಲ.

ಅವರು ಎದ್ದು ಕೂತು, ಎಕೋಗೆಂದು ಎದೆಗೆ ಹಚ್ಚಿದ ಅಂಟನ್ನು ಬಟ್ಟೆಯಿಂದ ಒರೆಸಿಕೊಂಡು, ಕುಪ್ಪಸದ ಗುಂಡಿ ಒಂದೊಂದಾಗಿ ಹಾಕಿಕೊಂಡರು. ಮುಖ ತುಂಬ ಸಂತೋಷ.

“ಇನ್ನು ಇದನ್ನು ಮುಟ್ಬೇಡಿ ಮಗಾ,” ಎಂದರು. “ತೆಗೆದ್ರೆ ಇದು ಹೋಗುದು ಎಲ್ಲಿಗೆ ಅಂತ ನಿಮಗೆ ಗೊತ್ತುಂಟಲ್ಲ.”